ಪದಕದ ಗೌರವ, ಪೀಠದ ಹೊಣೆ

ಆಟಗಾರರ ಕಷ್ಟಸುಖವನ್ನು ಆಟಗಾರರೇ ಬಲ್ಲರು, ಆದುದರಿಂದ ಕ್ರೀಡಾ ಸಂಸ್ಥೆಗಳ ಆಡಳಿತವೂ ಅವರ ಕೈಗೆ ಬರಬೇಕು ಎಂಬ ಮಾತು ನಮ್ಮ ದೇಶದಲ್ಲಿ ದಶಕಗಳಿಂದ ಕೇಳಿಬರುತ್ತಿದೆ. ರಾಜಕಾರಣಿಗಳು, ಉದ್ಯಮಿಗಳು, ನಿವೃತ್ತ ಅಧಿಕಾರಿಗಳು ವರ್ಷಾನುಗಟ್ಟಲೆ ಕುರ್ಚಿ ಬಿಡದೆ ಕುಳಿತಿದ್ದ ಕಾಲದಲ್ಲಿ ಹುಟ್ಟಿದ ಈ ಬೇಡಿಕೆ ನ್ಯಾಯವಾದುದೇ. 2022ರ ಡಿಸೆಂಬರ್ 10ರಂದು ಪಿ.ಟಿ. ಉಷಾ ಅವರು ಭಾರತೀಯ ಒಲಿಂಪಿಕ್ ಸಂಸ್ಥೆಯ ಅಧ್ಯಕ್ಷರಾಗಿ ಅವಿರೋಧವಾಗಿ ಆಯ್ಕೆಯಾದಾಗ ಆ ಬೇಡಿಕೆ ಕೈಗೂಡಿತೆಂದೇ ಎಲ್ಲರೂ ಭಾವಿಸಿದರು. 1927ರಲ್ಲಿ ಸ್ಥಾಪನೆಗೊಂಡ ಸಂಸ್ಥೆಗೆ 95 ವರ್ಷಗಳ ತರುವಾಯ ಮೊದಲ ಬಾರಿಗೆ ಮಹಿಳೆಯೊಬ್ಬರು ಅಧ್ಯಕ್ಷರಾಗಿದ್ದರು. ಅದರಲ್ಲಿಯೂ ಆಕೆ ಬರಿಗಾಲಿನಿಂದ ಓಟ ಆರಂಭಿಸಿ ಏಷ್ಯಾ ಖಂಡವನ್ನೇ ಗೆದ್ದ ಹಳ್ಳಿಯ ಹೆಣ್ಣುಮಗಳು. ಆ ಸಂತೋಷದಲ್ಲಿ ನಾವೂ ಪಾಲುಗೊಂಡೆವು. ಆದರೆ ಅನಂತರದ ಬೆಳವಣಿಗೆಗಳು ನಮ್ಮ ಮುಂದೆ ಒಂದು ಪ್ರಶ್ನೆಯನ್ನು ಇರಿಸಿವೆ: ಓಡಿ ಗೆದ್ದವರು ಪೀಠವೇರಿದ ಮಾತ್ರಕ್ಕೆ ಪೀಠದ ಗುಣ ಬದಲಾಗುವುದೇ?

ಈ ಪ್ರಶ್ನೆಯನ್ನು ಪರಿಶೀಲಿಸುವ ಮುನ್ನ ಉಷಾ ಅವರಿಗೆ ಜಗತ್ತಿನ ಕೀರ್ತಿ ತಂದ ಓಟವನ್ನು ಸ್ಮರಿಸುವುದು ಉಚಿತ. 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ 400 ಮೀಟರ್ಸ್ ಹರ್ಡಲ್ಸ್ ಮೊತ್ತಮೊದಲ ಬಾರಿಗೆ ಸೇರ್ಪಡೆಯಾಯಿತು. ಸುಮಾರು 76 ಸೆಂಟಿಮೀಟರ್ ಎತ್ತರದ ಹತ್ತು ತಡೆಗಳನ್ನು ದಾಟಿ ಮೈದಾನವನ್ನು ಒಂದು ಸುತ್ತು ಹಾಕಬೇಕಾದ ಸ್ಪರ್ಧೆಯಿದು. ಮೊರಾಕ್ಕೊ ದೇಶದ ನವಾಲ್ ಎಲ್ ಮುತವಕಿಲ್ 54.61 ಸೆಕೆಂಡುಗಳಲ್ಲಿ ಗುರಿ ಮುಟ್ಟಿ ಚಿನ್ನ ಗೆದ್ದರು. ಬೆಳ್ಳಿ ಅಮೆರಿಕದ ಜೂಡಿ ಬ್ರೌನ್ ಅವರ ಪಾಲಾಯಿತು. ಮೂರನೆಯವರಾದ ರೊಮೇನಿಯಾದ ಕ್ರಿಸ್ಟಿಯಾನಾ ಕೊಜೊಕಾರು 55.41 ಸೆಕೆಂಡು ತೆಗೆದುಕೊಂಡರೆ ನಮ್ಮ ಉಷಾ 55.42 ಸೆಕೆಂಡುಗಳಲ್ಲಿ ಓಟ ಮುಗಿಸಿದರು. ಸೆಕೆಂಡಿನ ನೂರನೆಯ ಒಂದು ಭಾಗದಲ್ಲಿ ಕಂಚು ಕೈತಪ್ಪಿತು. ಮರುವರ್ಷ ಜಕಾರ್ತಾದ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಐದು ಚಿನ್ನ, 1986ರ ಸೋಲ್ ಏಷ್ಯನ್ ಕ್ರೀಡಾಕೂಟದಲ್ಲಿ ನಾಲ್ಕು ಚಿನ್ನ ಗೆದ್ದರೂ ಜನಮನದಲ್ಲಿ ಉಳಿದದ್ದು ಆ ನೂರನೆಯ ಒಂದು ಭಾಗವೇ.

ಆ ಸೋಲಿನಲ್ಲಿಯೂ ಒಂದು ನ್ಯಾಯವಿತ್ತು. ಓಟದ ಪಥ ಪ್ರತಿಯೊಬ್ಬರಿಗೂ ಪ್ರತ್ಯೇಕ, ತಡೆಯ ಎತ್ತರ ಎಲ್ಲರಿಗೂ ಒಂದೇ. ಗಡಿಯಾರಕ್ಕೆ ಹೆಸರಿಲ್ಲ, ಊರಿಲ್ಲ, ಕುಲವಿಲ್ಲ. ಪಯ್ಯೋಳಿಯ ಬಡಕುಟುಂಬದಿಂದ ಬಂದ ಹುಡುಗಿಗೂ ಅಮೆರಿಕದ ಸುಸಜ್ಜಿತ ತರಬೇತಿಯಲ್ಲಿ ಬೆಳೆದವಳಿಗೂ ಆ ಗಡಿಯಾರದ ಮುಂದೆ ಸಮಾನ ಸ್ಥಾನ. ಆಡಳಿತದ ಅಂಗಳದಲ್ಲಿ ಅಂತಹ ಗಡಿಯಾರವಿಲ್ಲ. ಅಲ್ಲಿ ಯಾರು ಗೆದ್ದರು, ಯಾರು ಸೋತರು, ಯಾರಿಗೆ ಅನ್ಯಾಯವಾಯಿತು ಎಂಬುದನ್ನು ಮನುಷ್ಯರೇ ತೀರ್ಮಾನಿಸಬೇಕು. ಓಟಗಾರ್ತಿ ಆಡಳಿತಗಾರ್ತಿಯಾದಾಗ ಎದುರಾಗುವ ಹನ್ನೊಂದನೆಯ ತಡೆ ಇದೇ.

ಹರ್ಡಲ್ಸ್ ಓಟಗಾರರು ಕ್ರೀಡಾಡಳಿತದ ಎತ್ತರವನ್ನು ಮುಟ್ಟಿದ್ದು ಇದೇ ಮೊದಲಲ್ಲ. 1928ರ ಆಮ್‌ಸ್ಟರ್‌ಡ್ಯಾಂ ಒಲಿಂಪಿಕ್ಸ್‌ನ 400 ಮೀಟರ್ಸ್ ಹರ್ಡಲ್ಸ್ ವಿಜೇತ, ಇಂಗ್ಲೆಂಡಿನ ಶ್ರೀಮಂತ ಮನೆತನದ ಲಾರ್ಡ್ ಬರ್ಲಿ ಅವರು 1946ರಿಂದ 1976ರವರೆಗೆ ಮೂವತ್ತು ವರ್ಷ ವಿಶ್ವ ಅಥ್ಲೆಟಿಕ್ಸ್ ಒಕ್ಕೂಟದ ಅಧ್ಯಕ್ಷರಾಗಿದ್ದರು. ಯುದ್ಧದಿಂದ ಜರ್ಜರಿತವಾಗಿದ್ದ ಲಂಡನ್ನಿನಲ್ಲಿ 1948ರ ಒಲಿಂಪಿಕ್ಸನ್ನು ನಡೆಸಿಕೊಟ್ಟವರೂ ಅವರೇ. 1968ರಲ್ಲಿ ಮೆಕ್ಸಿಕೊ ನಗರದ ಪದಕ ವೇದಿಕೆಯ ಮೇಲೆ ಟಾಮಿ ಸ್ಮಿತ್ ಮತ್ತು ಜಾನ್ ಕಾರ್ಲೋಸ್ ಎಂಬ ಇಬ್ಬರು ಕಪ್ಪು ಅಮೆರಿಕನ್ ಓಟಗಾರರು ವರ್ಣಭೇದವನ್ನು ಪ್ರತಿಭಟಿಸಿ ಮುಷ್ಟಿ ಎತ್ತಿದರಷ್ಟೆ. ಅವರ ಕೊರಳಿಗೆ ಪದಕ ತೊಡಿಸಿದ್ದು ಇದೇ ಹಿರಿಯ ಹರ್ಡಲ್ಸ್ ಓಟಗಾರ. ಪದಕ ಕೊಟ್ಟ ಆಡಳಿತವೇ ಕೆಲವು ದಿನಗಳಲ್ಲಿ ಅವರನ್ನು ತಂಡದಿಂದ ಹೊರಹಾಕಿಸಿತು. ಓಡಿ ಬಂದವರು ಆಡಳಿತದಲ್ಲಿದ್ದರೂ ಓಡುತ್ತಿದ್ದವರ ನೋವು ಅಲ್ಲಿಗೆ ತಲುಪಲಿಲ್ಲ.

ಇದಕ್ಕೆ ಬೇರೊಂದು ಮಾದರಿಯೂ ಉಂಟು. ಅಮೆರಿಕದ ಎಡ್ವಿನ್ ಮೋಸೆಸ್ 1977ರಿಂದ 1987ರವರೆಗೆ ಇದೇ ಸ್ಪರ್ಧೆಯಲ್ಲಿ ಸತತ 122 ಓಟಗಳನ್ನು ಗೆದ್ದವರು. ಹವ್ಯಾಸಿ ಎಂಬ ಹೆಸರಿನಲ್ಲಿ ಕ್ರೀಡಾಪಟುಗಳನ್ನು ಬರಿಗೈಯಲ್ಲಿ ಇರಿಸಿದ್ದ ನಿಯಮವನ್ನು ಸಡಿಲಿಸಲು ಅವರು ಸ್ವತಃ ಓಡುತ್ತಿದ್ದ ಕಾಲದಲ್ಲಿಯೇ ಶ್ರಮಿಸಿದರು. ಸ್ಪರ್ಧೆಯಿಲ್ಲದ ದಿನಗಳಲ್ಲಿಯೂ ಉದ್ದೀಪನ ಮದ್ದಿನ ತಪಾಸಣೆ ನಡೆಯಬೇಕೆಂದು ಆಗ್ರಹಿಸಿ, ಮುಂದೆ ತಮ್ಮ ದೇಶದ ಉದ್ದೀಪನ ಮದ್ದು ತಡೆ ಸಂಸ್ಥೆಯ ಅಧ್ಯಕ್ಷರಾದರು. ಉಷಾ ಅವರನ್ನು ಹಿಂದಿಕ್ಕಿ ಚಿನ್ನ ಗೆದ್ದ ನವಾಲ್ ಅವರ ಹಾದಿಯೂ ಗಮನಾರ್ಹ. 1993ರಲ್ಲಿ ಅವರು ಕಾಸಾಬ್ಲಾಂಕಾ ನಗರದಲ್ಲಿ ಸಾಮಾನ್ಯ ಮಹಿಳೆಯರಿಗಾಗಿ ಓಟವೊಂದನ್ನು ಆರಂಭಿಸಿದರು. 1998ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಸದಸ್ಯರಾಗಿ, 2012ರ ಹಾಗೂ 2016ರ ಒಲಿಂಪಿಕ್ಸ್ ನಡೆಸಲು ಮುಂದೆ ಬಂದ ನಗರಗಳನ್ನು ಪರಿಶೀಲಿಸುವ ಆಯೋಗಗಳ ನೇತೃತ್ವ ವಹಿಸಿ, 2012ರಲ್ಲಿ ಆ ಸಮಿತಿಯ ಉಪಾಧ್ಯಕ್ಷರಾದರು. ಹಂತಹಂತವಾಗಿ ಆಡಳಿತವನ್ನು ಕಲಿಯುವ ಅವಕಾಶ ಅವರಿಗೆ ಒದಗಿತ್ತೆಂಬುದು ಇಲ್ಲಿ ಮುಖ್ಯವಾದ ಅಂಶ.

ಉಷಾ ಅವರಿಗೆ ಅಂತಹ ಅವಕಾಶ ದೊರೆಯಲಿಲ್ಲ. 2002ರಲ್ಲಿ ಕೇರಳದಲ್ಲಿ ಅಥ್ಲೆಟಿಕ್ಸ್ ಶಾಲೆಯೊಂದನ್ನು ತೆರೆದು, ಬಡಮನೆಗಳ ಹೆಣ್ಣುಮಕ್ಕಳಿಗೆ ಆಶ್ರಯ, ಆಹಾರ, ತರಬೇತಿ ನೀಡಿ, ಟಿಂಟು ಲೂಕಾ ಅವರಂತಹ ಓಟಗಾರ್ತಿಯನ್ನು ದೇಶಕ್ಕೆ ಕೊಟ್ಟದ್ದು ಅವರ ನಿಜವಾದ ಕಾಯಕ. 2022ರ ಜುಲೈನಲ್ಲಿ ಅವರು ರಾಜ್ಯಸಭೆಗೆ ನಾಮನಿರ್ದೇಶನಗೊಂಡರು. ಐದು ತಿಂಗಳು ಕಳೆಯುವಷ್ಟರಲ್ಲಿ ಒಲಿಂಪಿಕ್ ಸಂಸ್ಥೆಯ ಅಧ್ಯಕ್ಷತೆಯೂ ಬಂದಿತು. ಆ ಮನೆಯಾದರೋ ಆಗಲೇ ಬಿರುಕು ಬಿಟ್ಟಿತ್ತು. 2012ರ ಡಿಸೆಂಬರ್‌ನಲ್ಲಿ ಅಂತರರಾಷ್ಟ್ರೀಯ ಸಮಿತಿ ನಮ್ಮ ಸಂಸ್ಥೆಯನ್ನು ಅಮಾನತುಗೊಳಿಸಿದ್ದರಿಂದ 2014ರ ಸೋಚಿ ಚಳಿಗಾಲದ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಭಾರತದ ಮೂವರು ಕ್ರೀಡಾಪಟುಗಳು ತ್ರಿವರ್ಣ ಧ್ವಜವಿಲ್ಲದೆ ನಡೆಯಬೇಕಾಗಿ ಬಂದಿತ್ತು. 2022ರಲ್ಲಿ ಮತ್ತೆ ಅಂತಹುದೇ ಎಚ್ಚರಿಕೆ ಬಂದಾಗ ಸುಪ್ರೀಂ ಕೋರ್ಟ್ ನಿವೃತ್ತ ನ್ಯಾಯಮೂರ್ತಿ ಎಲ್. ನಾಗೇಶ್ವರ ರಾವ್ ಅವರಿಗೆ ಹೊಸ ನಿಯಮಾವಳಿ ರೂಪಿಸುವ ಹೊಣೆ ಒಪ್ಪಿಸಿತು. ಆಯ್ದ ಶ್ರೇಷ್ಠ ಕ್ರೀಡಾಪಟುಗಳಿಗೆ ಮತದ ಹಕ್ಕು ದೊರೆತದ್ದು, ದೈನಂದಿನ ಆಡಳಿತಕ್ಕೆ ವೇತನ ಪಡೆಯುವ ಮುಖ್ಯ ಕಾರ್ಯನಿರ್ವಹಣಾಧಿಕಾರಿ ಬಂದದ್ದು ಈ ನಿಯಮಾವಳಿಯಿಂದಲೇ.

ಮೊದಲ ಪರೀಕ್ಷೆ ತಿಂಗಳೊಪ್ಪತ್ತಿನಲ್ಲಿಯೇ ಎದುರಾಯಿತು. 2023ರ ಜನವರಿಯಲ್ಲಿ ದೇಶದ ಅಗ್ರಮಾನ್ಯ ಕುಸ್ತಿಪಟುಗಳು ಕುಸ್ತಿ ಒಕ್ಕೂಟದ ಅಂದಿನ ಅಧ್ಯಕ್ಷರ ವಿರುದ್ಧ ಲೈಂಗಿಕ ಕಿರುಕುಳದ ಆರೋಪ ಹೊರಿಸಿ ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕುಳಿತರು. ಆರೋಪಿತರು ಅದನ್ನು ನಿರಾಕರಿಸಿದ್ದಾರೆ. ಸತ್ಯಾಸತ್ಯವನ್ನು ನಿರ್ಣಯಿಸಬೇಕಾದದ್ದು ನ್ಯಾಯಾಲಯ, ನಾವಲ್ಲ. ಒಲಿಂಪಿಕ್ ಸಂಸ್ಥೆ ಮೇರಿ ಕೋಮ್ ನೇತೃತ್ವದಲ್ಲಿ ಏಳು ಮಂದಿಯ ಸಮಿತಿ ರಚಿಸಿತು. ಸರ್ಕಾರವೂ ಪ್ರತ್ಯೇಕ ಸಮಿತಿಯನ್ನು ನೇಮಿಸಿತು. ನ್ಯಾಯ ಕಾಣದೆ ಕುಸ್ತಿಪಟುಗಳು ಏಪ್ರಿಲ್‌ನಲ್ಲಿ ಮತ್ತೆ ಬೀದಿಗೆ ಬಂದಾಗ ಉಷಾ ಅವರು, ಬೀದಿಗಿಳಿಯುವ ಬದಲು ತಮ್ಮ ಬಳಿ ಬರಬೇಕಿತ್ತು, ಇದು ಅಶಿಸ್ತು, ಇದರಿಂದ ದೇಶದ ಹೆಸರಿಗೆ ಧಕ್ಕೆಯೆಂಬ ಅರ್ಥದ ಮಾತನ್ನಾಡಿದರು. ಮೇ 3ರಂದು ಅವರು ಧರಣಿಯ ಸ್ಥಳಕ್ಕೆ ಹೋಗಿ ಅವರನ್ನು ಭೇಟಿಯಾದುದೂ ನಿಜ. ಆದರೆ ಆಡಿದ ಮಾತು ಆಗಲೇ ದೇಶಕ್ಕೆಲ್ಲ ಕೇಳಿಸಿತ್ತು.

ಆ ಮಾತನ್ನು ನಾವು ವ್ಯಕ್ತಿದೋಷವೆಂದಷ್ಟೇ ಕಾಣುವುದಿಲ್ಲ. ಅದು ಪೀಠದ ಭಾಷೆ. ಪೀಠದಲ್ಲಿ ಕುಳಿತವರ ಕಣ್ಣಿಗೆ ಮೊದಲು ಬೀಳುವುದು ಸಂಸ್ಥೆಯ ಮಾನ. ದೂರು ತಂದವರ ಮಾನ ಅನಂತರದ್ದು. ಹೆಣ್ಣುಮಗಳೊಬ್ಬಳು ತನ್ನ ಮೇಲಿನ ಅಧಿಕಾರಿಯ ವಿರುದ್ಧ ಬಾಯಿ ತೆರೆದಾಗ ಅವಳ ತಂಡದ ಸ್ಥಾನ, ಪ್ರಯಾಣ, ತರಬೇತಿ ಎಲ್ಲವೂ ಅದೇ ಅಧಿಕಾರಿಯ ಕೈಯಲ್ಲಿರುತ್ತವೆ. ಬೀದಿಗಿಳಿಯುವುದು ಅವಳಿಗೆ ಅಶಿಸ್ತಲ್ಲ, ಉಳಿದಿರುವ ಕಡೆಯ ದಾರಿ. ಒಂದು ಕಾಲಕ್ಕೆ ತಾನೇ ಆ ಸ್ಥಾನದಲ್ಲಿದ್ದವರಿಂದ ದೇಶ ಈ ತಿಳಿವಳಿಕೆಯನ್ನು ನಿರೀಕ್ಷಿಸಿತ್ತು. ಆ ಧರಣಿಯನ್ನು ದೂರದಿಂದ ನೋಡಿದ ಎಷ್ಟು ಊರುಗಳಲ್ಲಿ ಎಷ್ಟು ತಂದೆತಾಯಂದಿರು ಮಗಳನ್ನು ಮೈದಾನಕ್ಕೆ ಕಳುಹಿಸಲು ಹಿಂಜರಿದಿರಬಹುದು ಎಂಬುದನ್ನು ನೆನೆದರೆ ನಷ್ಟದ ಆಳ ತಿಳಿಯುತ್ತದೆ.

ಎರಡನೆಯ ಪರೀಕ್ಷೆ ಕಚೇರಿಯ ಒಳಗಿನದು. 2024ರ ಜನವರಿಯಲ್ಲಿ ನೇಮಕಗೊಂಡ ಮುಖ್ಯ ಕಾರ್ಯನಿರ್ವಹಣಾಧಿಕಾರಿಯನ್ನು ಒಪ್ಪಲು ಕಾರ್ಯಕಾರಿ ಮಂಡಳಿಯ ಬಹುಪಾಲು ಸದಸ್ಯರು ನಿರಾಕರಿಸಿದರು. ಹಾಗೆ ವಿರೋಧಿಸಿದವರಲ್ಲಿಯೂ ಮಾಜಿ ಆಟಗಾರರಿದ್ದರೆಂಬುದು ಗಮನಾರ್ಹ. ಜಗಳ ತೀರದಿರಲು ಆ ವರ್ಷದ ಅಕ್ಟೋಬರ್‌ನಲ್ಲಿ ಅಂತರರಾಷ್ಟ್ರೀಯ ಸಮಿತಿ, ಕ್ರೀಡಾಪಟುಗಳಿಗೆ ನೇರವಾಗಿ ಸಲ್ಲುವ ವಿದ್ಯಾರ್ಥಿವೇತನವೊಂದನ್ನು ಬಿಟ್ಟು, ಭಾರತಕ್ಕೆ ನೀಡುತ್ತಿದ್ದ ಅನುದಾನವನ್ನು ತಡೆಹಿಡಿಯಿತು. ನೇಮಕಕ್ಕೆ ಮಂಡಳಿಯ ಒಪ್ಪಿಗೆ ದೊರೆತದ್ದು 2025ರ ಜುಲೈನಲ್ಲಿ. ಒಂದೂವರೆ ವರ್ಷ ಕಳೆದುಹೋಯಿತು. ಕೋಣಗಳೆರಡು ಹೋರಲು ಗಿಡಕ್ಕೆ ಮಿತ್ತು ಎಂಬ ಗಾದೆ ಸುಳ್ಳಲ್ಲ. ಇಲ್ಲಿ ಗಿಡ ಎಂದರೆ ಅಭ್ಯಾಸ ಮಾಡುತ್ತಿರುವ ಎಳೆಯ ಕ್ರೀಡಾಪಟು.

ಇವೆರಡರಿಂದ ತಿಳಿದುಬರುವುದಿಷ್ಟೆ. ಪದಕ ಒಬ್ಬರಿಗೆ ಗೌರವವನ್ನು, ಒಳಪ್ರವೇಶದ ಅರ್ಹತೆಯನ್ನು ಕೊಡಬಲ್ಲದು. ನಿಷ್ಪಕ್ಷಪಾತವನ್ನು ತಾನಾಗಿ ಕೊಡಲಾರದು. ಮೈದಾನದಲ್ಲಿ ನ್ಯಾಯವನ್ನು ಕಾಪಾಡುವುದು ಓಟಗಾರ್ತಿಯ ಒಳ್ಳೆಯತನವಲ್ಲ. ಬಿಳಿಯ ಗೆರೆ, ಗಡಿಯಾರ, ಸ್ಪರ್ಧಿಯಲ್ಲದ ತೀರ್ಪುಗಾರ. ಆಡಳಿತಕ್ಕೂ ಇವೇ ಬೇಕು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯಿದೆ ಈ ದಿಕ್ಕಿನಲ್ಲಿ ಒಂದು ಹೆಜ್ಜೆ. ಒಕ್ಕೂಟಗಳ ಕಾರ್ಯಕಾರಿ ಸಮಿತಿಯಲ್ಲಿ ಕನಿಷ್ಠ ನಾಲ್ವರು ಮಹಿಳೆಯರು, ಕನಿಷ್ಠ ಇಬ್ಬರು ಶ್ರೇಷ್ಠ ಕ್ರೀಡಾಪಟುಗಳು ಇರಬೇಕೆಂದೂ, ವ್ಯಾಜ್ಯಗಳಿಗೆ ಪ್ರತ್ಯೇಕ ನ್ಯಾಯಮಂಡಳಿ ಇರಬೇಕೆಂದೂ ಅದು ವಿಧಿಸಿದೆ. ಆದರೆ ಮಾನ್ಯತೆ ನೀಡುವ ರಾಷ್ಟ್ರೀಯ ಕ್ರೀಡಾ ಮಂಡಳಿಯ ಸದಸ್ಯರನ್ನು ನೇಮಿಸುವುದು ಕೇಂದ್ರ ಸರ್ಕಾರವೇ. ಮಾಹಿತಿ ಹಕ್ಕಿನ ವ್ಯಾಪ್ತಿ ಸರ್ಕಾರದ ನೆರವು ಪಡೆಯುವ ಸಂಸ್ಥೆಗಳಿಗೆ ಸೀಮಿತ. ಗೆರೆ ಎಳೆದಾಗಿದೆ, ತೀರ್ಪುಗಾರ ಎಷ್ಟು ಸ್ವತಂತ್ರನೆಂಬುದನ್ನು ಕಾಲವೇ ಹೇಳಬೇಕು.

ಕರ್ನಾಟಕಕ್ಕೂ ಈ ವಿಷಯದಲ್ಲಿ ಅನುಭವವಿದೆ. 2010ರಲ್ಲಿ ಅನಿಲ್ ಕುಂಬ್ಳೆ ಹಾಗೂ ಜಾವಗಲ್ ಶ್ರೀನಾಥ್ ರಾಜ್ಯ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷ, ಕಾರ್ಯದರ್ಶಿಗಳಾಗಿ ಚುನಾಯಿತರಾಗಿ, ಮೂರು ವರ್ಷಗಳ ಒಂದು ಅವಧಿಯ ಬಳಿಕ ಹಿಂದೆ ಸರಿದರು. ಓಟದಲ್ಲಿ ಉಷಾ ಅವರನ್ನೇ ಸೋಲಿಸಿ ಹೆಸರಾದ ಕೊಡಗಿನ ಅಶ್ವಿನಿ ನಾಚಪ್ಪ, ಕ್ರೀಡಾಡಳಿತ ಶುದ್ಧವಾಗಬೇಕೆಂದು ಸಂಸ್ಥೆಗಳ ಹೊರಗೆ ನಿಂತು ದನಿಯೆತ್ತಿದರು. ಒಳಗೆ ಹೋಗಿ ದುಡಿದು ಸಕಾಲದಲ್ಲಿ ಹೊರಬರುವವರೂ ಬೇಕು, ಹೊರಗೆ ನಿಂತು ಪ್ರಶ್ನಿಸುವವರೂ ಬೇಕು. ಮೊದಲನೆಯವರು ಎರಡನೆಯವರನ್ನು ಶತ್ರುಗಳೆಂದು ಎಣಿಸಿದ ದಿನ ಸಂಸ್ಥೆ ಕುರುಡಾಗುತ್ತದೆ.

ಉಷಾ ಅವರ ಸಾಧನೆಯ ಬಗ್ಗೆ ನಮ್ಮ ಗೌರವಕ್ಕೆ ಕುಂದಿಲ್ಲ. ಓಟಗಾರ್ತಿಯರು ಆ ಪೀಠಕ್ಕೆ ಇನ್ನೂ ಹೆಚ್ಚು ಸಂಖ್ಯೆಯಲ್ಲಿ ಬರಲಿ ಎಂಬುದೇ ನಮ್ಮ ಆಶಯ. ಹಾಗೆ ಬರುವವರನ್ನು ಕ್ರೀಡಾ ಸಂಸ್ಥೆಗಳು ಮೊದಲು ಕೆಳಹಂತದ ಹೊಣೆಗಳಲ್ಲಿ ಪಳಗಿಸಲಿ. ದೂರು ಆಲಿಸುವ ಸಮಿತಿ ದೂರಿಗೆ ಗುರಿಯಾದವರ ನೆರಳಿನಲ್ಲಿ ಇಲ್ಲದಂತೆ ನೋಡಿಕೊಳ್ಳಲಿ. ವರದಿಗಳನ್ನು ಬೀರುವಿನಲ್ಲಿ ಇಡದೆ ಸಂತ್ರಸ್ತರ ಹೆಸರು ಮರೆಮಾಡಿ ಪ್ರಕಟಿಸಲಿ. 2030ರ ಕಾಮನ್‌ವೆಲ್ತ್ ಕ್ರೀಡಾಕೂಟ ಅಹಮದಾಬಾದಿನಲ್ಲಿ ನಡೆಯಲಿದೆ, 2036ರ ಒಲಿಂಪಿಕ್ಸಿಗೂ ದೇಶ ಹಂಬಲಿಸುತ್ತಿದೆ. ಭವ್ಯ ಕ್ರೀಡಾಂಗಣಗಳನ್ನು ಹಣ ಕಟ್ಟಬಲ್ಲದು. ಆದರೆ ದೂರದ ಹಳ್ಳಿಯ ತಾಯಿಯೊಬ್ಬಳು ಮಗಳ ಕೈಯನ್ನು ತರಬೇತುದಾರರ ಕೈಗೆ ನಿರ್ಭಯವಾಗಿ ಒಪ್ಪಿಸುವಂತಹ ವಿಶ್ವಾಸವನ್ನು ಕಟ್ಟಬೇಕಾದವರು ಪೀಠದಲ್ಲಿರುವವರು. ಆ ಕೆಲಸ 2030ರವರೆಗೆ ಕಾಯತಕ್ಕದ್ದಲ್ಲ.