ಕಡಲಿಗೆ ಅಂಜದ ಹುಡುಗ ಬಚ್ಚಲಿಗೆ ಅಂಜಿದಾಗ

ಗೋಕರ್ಣದ ಓಂ ಬೀಚಿಗೆ ಹೋದವರಿಗೆ ಆ ನೋಟ ಪರಿಚಿತ: ಎರಡು ಬಿಲ್ಲುಗಳಂತೆ ಬಾಗಿ, ನಡುವೆ ಬಂಡೆಗಳ ಬಳಿ ಕೂಡಿಕೊಳ್ಳುವ ಮರಳ ದಂಡೆ. ಕಳೆದ ಚಳಿಗಾಲದ ಒಂದು ಭಾನುವಾರ ನಾವು ಅಲ್ಲಿದ್ದೆವು. ಭಟ್ಕಳದಿಂದ ಬಂದಿದ್ದ ಕುಟುಂಬವೊಂದರ ಹುಡುಗ, ವಯಸ್ಸು ಹದಿನೈದಿರಬಹುದು, ಮೊಣಕಾಲುದ್ದದ ನೀರಿನಲ್ಲಿ ನಿಂತವನು ಒಂದು ಗಂಟೆಯಾದರೂ ಕದಲಲಿಲ್ಲ. ಅಲೆ ಬಂದಾಗಲೆಲ್ಲ ಎರಡೂ ಕೈಗಳನ್ನು ಬೀಸಿ ನಗುತ್ತಿದ್ದನು. ಅವನಿಗೆ ಆಟಿಸಮ್ ಇದೆಯೆಂದು ತಾಯಿ ಹೇಳಿದರು. “ಇಲ್ಲಿಂದ ಇವನನ್ನು ಎಬ್ಬಿಸುವುದೇ ಕಷ್ಟ. ಮನೆಯಲ್ಲಿ ಒಂದು ತಂಬಿಗೆ ನೀರು ತಲೆಗೆ ಹೊಯ್ದರೆ ಕೇರಿಗೆಲ್ಲ ಕೇಳುವಂತೆ ಕಿರುಚುತ್ತಾನೆ. ಇವನ ತಂದೆ ದುಬೈಯಲ್ಲಿದ್ದಾರೆ. ಇವನಿಗೆ ಮೀಸೆ ಬರುತ್ತಿದೆ. ನಾನು ಇನ್ನೆಷ್ಟು ದಿನ ಸ್ನಾನ ಮಾಡಿಸಲಿ?”

ಆ ಕೊನೆಯ ಮಾತು ನಮ್ಮನ್ನು ಇಂದಿಗೂ ಬಿಟ್ಟಿಲ್ಲ.

ಕಡಲನ್ನು ಪ್ರೀತಿಸುವವನು ಬಚ್ಚಲನ್ನು ದ್ವೇಷಿಸಿದರೆ ನೋಡಿದವರು ಅದನ್ನು ಹಠವೆನ್ನುತ್ತಾರೆ. ಅದು ಹಠವಲ್ಲ. ಆಟಿಸಮ್ ಇರುವ ಹಲವರಿಗೆ ಸ್ಪರ್ಶ, ಸದ್ದು, ವಾಸನೆಗಳು ನಮಗೆ ತಟ್ಟಿದಂತೆ ತಟ್ಟುವುದಿಲ್ಲ. ಅಲೆ ಬರುವುದು ಕಣ್ಣಿಗೆ ಕಾಣುತ್ತದೆ, ಅದಕ್ಕೊಂದು ಲಯವಿದೆ, ಅದು ಕಾಲಿನಿಂದ ಮೇಲೇರುತ್ತದೆ. ತಂಬಿಗೆಯ ನೀರು ಹೇಳದೆ ಕೇಳದೆ ತಲೆಯ ಮೇಲೆ ಬೀಳುತ್ತದೆ. ಟೂತ್‌ಪೇಸ್ಟಿನ ಖಾರ ಬಾಯಿ ಸುಟ್ಟಂತೆ, ಟ್ರಿಮ್ಮರಿನ ಗುಂಯ್ ಎಂಬ ಸದ್ದು ಕಿವಿ ಕೊರೆದಂತೆ ಅವರಿಗೆ ಭಾಸವಾಗಬಹುದು. 1943ರಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು ಈ ಸ್ಥಿತಿಯನ್ನು ವಿವರಿಸಿ ಬರೆದ ಬಳಿಕ ಎಷ್ಟೋ ವರ್ಷ, ತಾಯಿಯ ಪ್ರೀತಿ ಸಾಲದ್ದಕ್ಕೇ ಮಕ್ಕಳು ಹೀಗಾಗುತ್ತಾರೆಂಬ ವಾದ ಪಾಶ್ಚಾತ್ಯ ದೇಶಗಳಲ್ಲಿ ನಡೆಯಿತು. ಅದು ತಪ್ಪೆಂದು ವಿಜ್ಞಾನ ಅದನ್ನು ಕೈಬಿಟ್ಟಿದೆ. ನಮ್ಮಲ್ಲಿ ಮಾತ್ರ ಅದೇ ಆರೋಪ ದೃಷ್ಟಿ, ಜಿನ್ನ್, ತಾಯತಗಳ ವೇಷದಲ್ಲಿ ಇನ್ನೂ ಉಳಿದಿದೆ.

ಇನ್ನೊಂದು ಮಾತನ್ನು ನಾವು ಧಾರ್ಮಿಕರೇ ಆಡುತ್ತೇವೆ. “ಇಂಥವರ ಮೇಲಿನಿಂದ ಲೇಖನಿಯನ್ನು ಎತ್ತಲಾಗಿದೆ, ಇವರಿಗೆ ನಮಾಝ್ ಕಡ್ಡಾಯವಿಲ್ಲ, ಬಿಟ್ಟುಬಿಡಿ.” ನಿದ್ರಿಸುವವನು, ಮಗು ಮತ್ತು ಬುದ್ಧಿಭ್ರಮಣೆಗೊಳಗಾದವನನ್ನು ಕುರಿತ ಪ್ರವಾದಿವರ್ಯರ(ಸ) ವಚನವನ್ನು ಎಷ್ಟು ಸುಲಭವಾಗಿ ಬಳಸುತ್ತೇವೆ! ಮೊದಲನೆಯದಾಗಿ, ಆಟಿಸಮ್ ಬುದ್ಧಿಭ್ರಮಣೆಯಲ್ಲ. ಅವರಲ್ಲಿ ಸ್ಪಷ್ಟವಾಗಿ ಯೋಚಿಸುವವರೂ ಇದ್ದಾರೆ, ಮಾತೇ ಬಾರದವರೂ ಇದ್ದಾರೆ. ಯಾರ ಮೇಲೆ ಯಾವ ಹೊಣೆ ಎಂಬುದನ್ನು ಒಬ್ಬೊಬ್ಬರನ್ನೂ ಅರಿತು ವಿದ್ವಾಂಸರು ಹೇಳಬೇಕು. ಎರಡನೆಯದಾಗಿ, ಹುಡುಗನ ಮೇಲಿನಿಂದ ಎತ್ತಿದ ಲೇಖನಿಯನ್ನು ನಮ್ಮ ಮೇಲಿನಿಂದ ಎತ್ತಿಲ್ಲ. ತನ್ನ ವ್ಯವಹಾರವನ್ನು ತಾನೇ ನಿಭಾಯಿಸಲಾರದವನ ಆಸ್ತಿಯನ್ನು ಕಾಯುವವರಿಗೆ ಸೂರಃ ಅನ್ನಿಸಾ ಅವನ ಅನ್ನ ಮತ್ತು ಬಟ್ಟೆಯ ಹೊಣೆಯನ್ನು ಹೊರಿಸುತ್ತದೆ, ಅದರ ಜೊತೆಗೆ ಒಳ್ಳೆಯ ಮಾತನ್ನೂ ಆದೇಶಿಸುತ್ತದೆ. ಹದಿನೈದರ ಹುಡುಗ ಹಲ್ಲುಜ್ಜದೆ, ಉಗುರು ಕತ್ತರಿಸದೆ, ವಾರಗಟ್ಟಲೆ ಒಂದೇ ಅಂಗಿಯಲ್ಲಿ ಕುಳಿತಿರುವುದನ್ನು ಧರ್ಮ ನೀಡಿದ ರಿಯಾಯಿತಿ ಎನ್ನಲಾದೀತೇ?

ಕಲಿಸುವ ದಾರಿ ಇದೆ, ಅದು ನಿಧಾನದ್ದು. ‘ಸ್ನಾನ ಮಾಡು’ ಎಂಬುದು ನಮಗೆ ಒಂದು ಕೆಲಸ, ಅವನಿಗೆ ಇಪ್ಪತ್ತು ಕೆಲಸ. ಅದನ್ನು ಬಿಡಿಸಿ, ಒಂದೊಂದಕ್ಕೂ ಚಿತ್ರ ಬರೆದು ಬಚ್ಚಲ ಗೋಡೆಗೆ ಅಂಟಿಸಬೇಕು. ನೀರನ್ನು ಮೊದಲು ಕಾಲಿಗೆ, ಎಣಿಸಿ ಹೇಳಿ ಹಾಕಬೇಕು. ಸಾಧ್ಯವಾದರೆ ತಂಬಿಗೆಯನ್ನು ಅವನ ಕೈಗೇ ಕೊಡಬೇಕು. ಕೆಲವರಿಗೆ ಕೊನೆಯಿಂದ ಕಲಿಸುವುದು ಸುಲಭ: ಉಳಿದದ್ದನ್ನೆಲ್ಲ ನಾವು ಮಾಡಿ, ಮೈ ಒರೆಸಿಕೊಳ್ಳುವುದನ್ನು ಮಾತ್ರ ಅವನಿಗೆ ಬಿಟ್ಟರೆ ಪ್ರತಿದಿನವೂ ಅವನು ಗೆದ್ದೇ ಹೊರಬರುತ್ತಾನೆ. ಉಗುರನ್ನು ಸ್ನಾನದ ನಂತರ, ಮೆತ್ತಗಾದಾಗ ಕತ್ತರಿಸಬೇಕು. ಟ್ರಿಮ್ಮರನ್ನು ಚಾಲೂ ಮಾಡದೆ ಕೆಲವು ದಿನ ಕೈಯಲ್ಲಿ ಹಿಡಿಯಲು ಬಿಡಬೇಕು. ವುಝೂವನ್ನೇ ನೋಡಿ: ಅದೇ ಅಂಗಗಳು, ಅದೇ ಕ್ರಮ, ಮೂರು ಮೂರು ಸಲ. ಕ್ರಮ ತಪ್ಪಿದರೆ ತಳಮಳಿಸುವ ಹುಡುಗನಿಗೆ ಇದಕ್ಕಿಂತ ಹಿತವಾದ ಪಾಠ ಬೇರೆಲ್ಲಿ ಸಿಕ್ಕೀತು? ಅವನು ಅದನ್ನು ಸರಿಯಾಗಿ ಮುಗಿಸಲು ಒಂದು ವರ್ಷ ಹಿಡಿದರೂ ಹಿಡಿಯಲಿ.

ಆದರೆ ಆ ತಾಯಿಯ ಪ್ರಶ್ನೆಗೆ ಚಿತ್ರಗಳು ಉತ್ತರವಾಗುವುದಿಲ್ಲ. ಪ್ರಾಯಕ್ಕೆ ಬಂದ ಮಗನ ದೇಹವನ್ನು ತೊಳೆಯುವುದು, ಅನಗತ್ಯ ರೋಮ ತೆಗೆಯುವುದು, ಸ್ವಪ್ನಸ್ಖಲನವಾದಾಗ ಗುಸ್ಲ್ ಮಾಡಿಸುವುದು ಇವೆಲ್ಲ ಲಜ್ಜೆಯ ವಿಷಯಗಳು. ಬೇರೆ ದಾರಿಯಿಲ್ಲದಾಗ ಫಿಕ್ಹ್ ಸಡಿಲಿಕೆ ಕೊಡುತ್ತದೆ, ತಾಯಿಯ ಮೇಲೆ ದೋಷವಿಲ್ಲ. ಪ್ರಶ್ನೆ ಇರುವುದು ಬೇರೆ ದಾರಿಯಿದ್ದೂ ತೆರೆದುಕೊಡದವರ ಬಗ್ಗೆ. ಭಟ್ಕಳ, ಹೊನ್ನಾವರ, ಕುಮಟಾದ ಎಷ್ಟೋ ಮನೆಗಳಲ್ಲಿ ಗಂಡಸರು ಗಲ್ಫಿನಲ್ಲಿದ್ದಾರೆ. ಊರಿನಲ್ಲಿರುವ ಚಿಕ್ಕಪ್ಪಂದಿರು, ಸೋದರಮಾವಂದಿರು ಹಬ್ಬಕ್ಕೆ ಬಂದು ಹುಡುಗನ ತಲೆ ನೇವರಿಸಿ ಹೋಗುತ್ತಾರೆ. ವಾರಕ್ಕೆ ಎರಡು ಸಲ ಬಂದು ಗಡ್ಡ ಟ್ರಿಮ್ ಮಾಡಿಸಿ, ಗುಸ್ಲ್ ಕಲಿಸುವವರು ಬೇಕು. ಅವರು ತಾಯಿ ಪೂರ್ಣವಾಗಿ ನಂಬುವ ಮಹ್ರಮ್ ಬಂಧುಗಳೇ ಆಗಿರಬೇಕು. ಮಾತು ಬಾರದ ಮಕ್ಕಳ ಮೇಲೆ ದೌರ್ಜನ್ಯ ನಡೆದರೆ ಅದು ಬಯಲಿಗೆ ಬರುವುದು ಕಷ್ಟ. ಯಾರು, ಎಲ್ಲಿ, ಯಾವಾಗ ಮುಟ್ಟಬಹುದು, ಬಾಗಿಲು ಯಾವಾಗ ಮುಚ್ಚಬೇಕು ಎಂಬುದನ್ನೂ ಸ್ನಾನದ ಚಿತ್ರಗಳ ಜೊತೆಗೇ ಕಲಿಸಬೇಕು. ಆದಷ್ಟು ಬೇಗ ಅವನೇ ಮಾಡಿಕೊಳ್ಳುವಂತಾಗುವುದು ಅವನ ರಕ್ಷಣೆಯೂ ಹೌದು.

ಮಸೀದಿಯ ಮಾತನ್ನೂ ಆಡಲೇಬೇಕು. ಗ್ರಾಮೀಣ ಅರಬಿಯೊಬ್ಬ ಮಸೀದಿಯೊಳಗೇ ಮೂತ್ರ ಮಾಡಿದಾಗ ಸಹಾಬಿಗಳು ಎದ್ದು ಗದರಿದರು. ಪ್ರವಾದಿವರ್ಯರು(ಸ) ಅವರನ್ನು ತಡೆದು, ಅವನು ಮುಗಿಸುವವರೆಗೆ ಬಿಟ್ಟು, ಒಂದು ಬಕೆಟ್ ನೀರು ಸುರಿಸಿ, ಬಳಿಕ ಮೃದುವಾಗಿ ತಿಳಿಹೇಳಿದರು. ಬುದ್ಧಿ ಸ್ವಲ್ಪ ಮಂದವಾಗಿದ್ದ ಮಹಿಳೆಯೊಬ್ಬಳು ತನಗೆ ಮಾತನಾಡಲಿಕ್ಕಿದೆ ಎಂದಾಗ, ಬೀದಿಯನ್ನು ನೀನೇ ಆರಿಸು ಎಂದು ಅವಳಿಗೇ ಬಿಟ್ಟುಕೊಟ್ಟು, ಅವಳ ಮಾತು ಮುಗಿಯುವವರೆಗೂ ಜೊತೆಗಿದ್ದರೆಂದು ಅನಸ್(ರ) ವರದಿ ಮಾಡಿದ್ದಾರೆ. ನಮ್ಮ ಮಸೀದಿಗಳಲ್ಲಿ ಕೈ ಬೀಸುವ ಹುಡುಗನನ್ನು ಸಫ್‌ನಿಂದ ಹಿಂದಕ್ಕೆ ಕಳಿಸುತ್ತೇವೆ. ವುಝೂ ಮಾಡುವಲ್ಲಿ ಅವನು ಹತ್ತು ನಿಮಿಷ ತೆಗೆದುಕೊಂಡರೆ ಹಿಂದಿನವರು ಗೊಣಗುತ್ತಾರೆ. ಜನದಟ್ಟಣೆಯಿಲ್ಲದ ಹೊತ್ತಿನಲ್ಲಿ ಒಂದು ನಲ್ಲಿಯನ್ನು ಅವನಿಗೆಂದು ಬಿಟ್ಟುಕೊಡಲು ಯಾವ ಜಮಾಅತಿಗೂ ಖರ್ಚು ಬೀಳುವುದಿಲ್ಲ.

ಸರಕಾರದ ಕಡೆಯಿಂದಲೂ ಸಿಗುವುದು ಇದೆ, ಕೇಳುವವರು ಕಡಿಮೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ ಗುರುತಿಸಿದ 21 ವೈಕಲ್ಯಗಳಲ್ಲಿ ಆಟಿಸಮ್ ಸೇರಿದೆ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಡಿ ‘ನಿರಾಮಯ’ ಆರೋಗ್ಯ ವಿಮೆ 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಹದಿನೆಂಟು ತುಂಬಿದ ಮೇಲೆ ಕಾನೂನುಬದ್ಧ ಪಾಲಕರನ್ನು ನೇಮಿಸುವ ಅಧಿಕಾರ ಜಿಲ್ಲಾಧಿಕಾರಿಯ ನೇತೃತ್ವದ ಸ್ಥಳೀಯ ಸಮಿತಿಗಿದೆ. ಆದರೆ ಭಟ್ಕಳದ ಒಂಟಿ ತಾಯಿಯೊಬ್ಬಳು ಮಗನನ್ನು ಬಸ್ಸಿನಲ್ಲಿ ಕೂರಿಸಿಕೊಂಡು ನೂರು ಕಿಲೋಮೀಟರ್‌ಗೂ ದೂರದ ಕಾರವಾರಕ್ಕೆ ಎಷ್ಟು ಸಲ ಅಲೆದಾಳು? ಅರ್ಜಿ ತುಂಬಿಕೊಡುವ, ಜೊತೆಗೆ ಹೋಗಿಬರುವ ಇಬ್ಬರು ಯುವಕರನ್ನು ಪ್ರತಿಯೊಂದು ಜಮಾಅತ್ ನೇಮಿಸಲಿ ಎಂಬುದು ನಮ್ಮ ಬೇಡಿಕೆ.

ಆ ದಿನ ಹೊರಡುವ ಹೊತ್ತಿಗೆ ಹುಡುಗನ ಮೈತುಂಬ ಮರಳಿತ್ತು. ಮೇಲೆ ವಾಹನಗಳು ನಿಲ್ಲುವಲ್ಲಿ ಅವನ ಮಾವ ಬಕೆಟ್ ನೀರು ತಂದರು. ಹುಡುಗ ಕಿವಿ ಮುಚ್ಚಿಕೊಂಡನು. ತಾಯಿ ಬಕೆಟನ್ನು ಕೆಳಗಿಡಿಸಿ, ಮಗ್ಗನ್ನು ಅವನ ಕೈಗೆ ಕೊಟ್ಟು, “ಒಂದು” ಎಂದರು. ಅವನು ತನ್ನ ಪಾದಕ್ಕೆ ತಾನೇ ಸುರಿದುಕೊಂಡನು. ಏಳರವರೆಗೆ ಎಣಿಕೆ ನಡೆಯಿತು, ಮರಳು ಮೊಣಕಾಲಿನವರೆಗೆ ಹೋಯಿತು. ಉಳಿದ ಮರಳಿನೊಂದಿಗೇ ಅವನನ್ನು ಕಾರಿನಲ್ಲಿ ಕೂರಿಸಿಕೊಂಡು ಅವರು ಭಟ್ಕಳಕ್ಕೆ ಹೊರಟರು.