ಮುದ್ರೆಯಿಲ್ಲದ ತಕ್ಕಡಿ

ಶಿವಾಜಿನಗರದ ಲೇಡಿ ಕರ್ಜನ್ ರಸ್ತೆಯ ಅಂಗಡಿಯವರು 2019ರ ಜೂನ್ 10ನೇ ತಾರೀಖನ್ನು ಅಷ್ಟು ಸುಲಭವಾಗಿ ಮರೆಯಲಾರರು. ಐ.ಎಂ.ಎ. ಒಡವೆ ಮಳಿಗೆಗೆ ಬೀಗ. ಹೊರಗೆ ಜನವೋ ಜನ. ಮಗಳ ಮದುವೆಗೆಂದು ಕೂಡಿಟ್ಟ ತಾಯಂದಿರು, ಪಿಂಚಣಿ ಗಂಟು ತಂದಿಟ್ಟ ಮುದುಕರು, ಆಟೋ ಓಡಿಸುವವರು... ಎಲ್ಲರ ಬಾಯಲ್ಲೂ ಒಂದೇ ಮಾತು: ‘ನಮ್ಮ ದುಡ್ಡೆಲ್ಲಿ?’ ಉತ್ತರ ಹೇಳಬೇಕಾದ ಮನ್ಸೂರ್ ಖಾನ್ ಅಷ್ಟರಲ್ಲಿ ದುಬೈ ಸೇರಿದ್ದ. ಜುಲೈನಲ್ಲಿ ದೆಹಲಿಗೆ ಬಂದಿಳಿದಾಗ ಬಂಧನವಾಯಿತು. ದೂರುಗಳು 40 ಸಾವಿರ ದಾಟಿದ್ದವು.

2006ರಲ್ಲಿ ಶುರುವಾದ ಕಂಪನಿ ಅದು. ತಿಂಗಳಿಗೆ ನೂರಕ್ಕೆ ಎರಡೂವರೆ, ಮೂರು ರೂಪಾಯಿ ಕೊಡುತ್ತೇವೆ ಅಂದಿತು. ಬಡ್ಡಿಯಲ್ಲ, ವ್ಯಾಪಾರದ ಲಾಭ ಅಂದಿತು. ದುಡ್ಡಿಟ್ಟವರನ್ನು ಪಾಲುದಾರರು ಎಂದು ಕರೆಯಿತು. ನಿಜ ಏನೆಂದರೆ ಇಂದು ಬಂದವನ ದುಡ್ಡನ್ನು ನಿನ್ನೆ ಬಂದವನಿಗೆ ಹಂಚುವ ಆಟ. ಹೊಸಬರು ಬರುವುದು ನಿಂತ ದಿನ ಆಟ ಮುಗೀತು.

‘ದುರಾಸೆ ಪಟ್ಟರು, ಅನುಭವಿಸಲಿ ಬಿಡಿ’ ಎನ್ನುವವರು ಹಲಸೂರಿನಿಂದ ಕೆ.ಆರ್.ಪುರದವರೆಗೆ ಪ್ರತಿ ಬಸ್ಸಿನಲ್ಲೂ ಸಿಗುತ್ತಾರೆ. ಹಾಗನ್ನುವುದು ಸುಲಭ. ಆದರೆ ಜನ ಕಂಡದ್ದೇನು? ನಡುಪೇಟೆಯಲ್ಲಿ ಝಗಝಗಿಸುವ ಅಂಗಡಿ, ಅಲ್ಲೇ ಪಕ್ಕದ ಸರ್ಕಾರಿ ಶಾಲೆಗೆ ಕಂಪನಿಯ ಧಾರಾಳ ನೆರವು. ರಿಸರ್ವ್ ಬ್ಯಾಂಕ್ ರಾಜ್ಯ ಸರ್ಕಾರವನ್ನು ಮುಂಚೆಯೇ ಎಚ್ಚರಿಸಿತ್ತು. ವಿಚಾರಣೆ ನಡೆಸಿದ ಕಂದಾಯ ಅಧಿಕಾರಿ ಕಂಪನಿಯ ಪರವಾಗಿ ವರದಿ ಕೊಟ್ಟರು. ಆಮೇಲೆ ಅವರೇ ಲಂಚದ ಆರೋಪದ ಮೇಲೆ ಬಂಧನಕ್ಕೊಳಗಾದರು. ಸರ್ಕಾರದ ಕಣ್ಣಿಗೇ ಬೀಳದ ಹುಳುಕು ಟೈಲರ್ ಅಂಗಡಿಯವನಿಗೆ ಕಾಣಬೇಕಿತ್ತೇ?

ರಸೆಲ್ ಮಾರ್ಕೆಟ್ಟಿನಲ್ಲಿ ಈರುಳ್ಳಿ ತೂಗುವವನ ತಕ್ಕಡಿಗೆ ಸರ್ಕಾರದ ಮುದ್ರೆ ಬೇಕು. ಮುದ್ರೆ ಹಳತಾದರೆ ದಂಡ. ಕಾಲು ಕಿಲೋ ಈರುಳ್ಳಿಗೆ ಇಷ್ಟು ಕಾವಲು! ಆದರೆ ಜನರ ಸಾವಿರಾರು ಕೋಟಿ ಎತ್ತಿದವನನ್ನು ‘ಎಲ್ಲಪ್ಪಾ ನಿನ್ನ ಮುದ್ರೆ?’ ಎಂದು ಕೇಳುವವರೇ ಇರಲಿಲ್ಲ.

ಮುದ್ರೆಗೆ ಬೆಲೆ ಇದೆ. 2020ರ ಜನವರಿಯಲ್ಲಿ ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿಗೆ ರಿಸರ್ವ್ ಬ್ಯಾಂಕ್ ಕಡಿವಾಣ ಹಾಕಿತು. 35 ಸಾವಿರಕ್ಕಿಂತ ಹೆಚ್ಚು ತೆಗೆಯುವಂತಿಲ್ಲ ಎಂದಾಗ ಅಲ್ಲೂ ಕಣ್ಣೀರು. ಆದರೆ ಅದು ವಿಮೆಯಿದ್ದ ಬ್ಯಾಂಕು. ಅದೇ ಫೆಬ್ರವರಿಯಲ್ಲಿ ಠೇವಣಿ ವಿಮೆ 1 ಲಕ್ಷದಿಂದ 5 ಲಕ್ಷಕ್ಕೇರಿತು. 2021ರಲ್ಲಿ ಕಾಯ್ದೆ ತಿದ್ದುಪಡಿಯಾಗಿ, ಇಂಥ ಬ್ಯಾಂಕುಗಳ ಠೇವಣಿದಾರರಿಗೆ 90 ದಿನದೊಳಗೆ ವಿಮಾ ಹಣ ಕೊಡಬೇಕೆಂದಾಯಿತು. ಐ.ಎಂ.ಎ.ಯವರಿಗೆ ಈ ಆಸರೆ ಇರಲಿಲ್ಲ. ಜಪ್ತಿಯಾದ ಆಸ್ತಿ ಕರಗುವುದನ್ನೇ ಅವರು ಕಾಯಬೇಕಾಯಿತು. ಪತ್ತಿನ ಸಹಕಾರ ಸಂಘಗಳ ಠೇವಣಿಗೂ ಈ ವಿಮೆ ಇಲ್ಲ ಎಂಬುದು ಎಷ್ಟು ಮಂದಿಗೆ ಗೊತ್ತು?

ಮುಳುಗಿದ್ದು ಇಟ್ಟವರ ಗಂಟು ಮಾತ್ರ ಅಂದುಕೊಂಡರೆ ತಪ್ಪು. ಮದುವೆ ದುಡ್ಡು ಹೋದರೆ ಬಟ್ಟೆ ಅಂಗಡಿಗೆ ಗಿರಾಕಿಯಿಲ್ಲ, ಅಡುಗೆಯವರಿಗೆ ಕೆಲಸವಿಲ್ಲ. ಒಮ್ಮೆ ಬೆಂದ ಕೈ ಒಳ್ಳೆ ಬ್ಯಾಂಕನ್ನೂ ನಂಬದು. ಗಾಳಿಮಾತು ಕೇಳಿ ಎಲ್ಲರೂ ಒಂದೇ ದಿನ ಠೇವಣಿ ಕೇಳಿದರೆ, ಗಟ್ಟಿ ಬ್ಯಾಂಕೂ ಅಲ್ಲಾಡುತ್ತೆ. 2023ರ ಮಾರ್ಚ್‌ನಲ್ಲಿ ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕ್, ಠೇವಣಿದಾರರು ಮುಗಿಬಿದ್ದ ಎರಡೇ ದಿನದಲ್ಲಿ ಕುಸಿಯಿತು.

ಪರವಾನಗಿ ಇಲ್ಲದೆ ಠೇವಣಿ ಎತ್ತುವುದನ್ನು ನಿಷೇಧಿಸುವ ಕೇಂದ್ರ ಕಾಯ್ದೆ 2019ರಲ್ಲೇ ಬಂತು. ಶಿವಾಜಿನಗರದವರ ಪಾಲಿಗೆ ಅದು ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ಈಗಲಾದರೂ ಠೇವಣಿ ಪಡೆಯುವ ಪ್ರತಿ ಬಾಗಿಲಲ್ಲೂ ಕನ್ನಡದಲ್ಲಿ, ಉರ್ದುವಿನಲ್ಲಿ, ತಮಿಳಿನಲ್ಲಿ ದಪ್ಪ ಅಕ್ಷರದ ಬೋರ್ಡು ಬೀಳಲಿ: ಲೈಸೆನ್ಸ್ ಯಾರದು? ವಿಮೆ ಉಂಟೋ ಇಲ್ಲವೋ? ಬೋರ್ಡಿಲ್ಲದ ಬಾಗಿಲಿಗೆ ಇನ್‌ಸ್ಪೆಕ್ಟರು ಹೋಗಲಿ. ಈರುಳ್ಳಿ ತಕ್ಕಡಿ ಹುಡುಕಿಕೊಂಡು ಬರುವವರಿಗೆ ಅಲ್ಲಿಗೆ ದಾರಿ ಗೊತ್ತಿಲ್ಲವೇ?