ಎಲ್ಲಾ ಹಳೇ ಚಾಕೂ ಭದ್ರಾವತಿ ಉಕ್ಕಂತೆ!

ಹಳೇ ಮಡಚು ಚಾಕು, ಅಡಕತ್ತರಿಗಳನ್ನು ಕೂಡಿಡೋ ಹುಚ್ಚು ಇರೋರು ನಮ್ಮ ಶಿವಮೊಗ್ಗದಲ್ಲೂ ಇದ್ದಾರೆ. ಒಳ್ಳೇದೇ. ಗೇಣುದ್ದದ ಅಲಗು, ಹಿತ್ತಾಳೆ ಪಟ್ಟಿ ಬಿಗಿದ ಹಿಡಿ, ಮಡಚಿದರೆ ಜೇಬಿಗೆ ಸೇರುವಷ್ಟು ಸಾಧು... ನೋಡೋಕೆ ಚೆನ್ನಾಗಿಯೇ ಇರುತ್ತೆ. ನನ್ನ ತಕರಾರು ಕೂಡಿಡೋದರ ಬಗ್ಗೆ ಅಲ್ಲ, ಅದಕ್ಕೆ ಅಂಟಿಸೋ ಕತೆಗಳ ಬಗ್ಗೆ. ದೊಡ್ಡದಿದ್ದರೆ "ರಾಂಪುರಿ", ಇಂಗ್ಲಿಷ್ ಅಕ್ಷರ ಇದ್ದರೆ "ಬ್ರಿಟಿಷರದ್ದು", ಏನೂ ಇಲ್ಲದಿದ್ದರೆ "ನಮ್ಮಜ್ಜನ ಅಜ್ಜಂದು, ಅಪ್ಪಟ ಭದ್ರಾವತಿ ಉಕ್ಕು". ಅಲ್ಲಿಗೆ ಬೆಲೆ ಎರಡು ಪಟ್ಟು :)

ಈ ಕೊನೆಯ ಮಾತನ್ನೇ ಸ್ವಲ್ಪ ನೋಡೋಣ. ಬೆಂಕಿಪುರ ಅಂತಿದ್ದ ಊರಲ್ಲಿ ಮೈಸೂರು ಸಂಸ್ಥಾನದ ಕಾರ್ಖಾನೆ ಕಬ್ಬಿಣ ಕೊಡೋಕೆ ಶುರು ಮಾಡಿದ್ದು 1923ರಲ್ಲಿ. ಕೆಮ್ಮಣ್ಣುಗುಂಡಿಯ ಅದಿರು, ಕಾಡಿನ ಸೌದೆಯ ಇದ್ದಿಲು. ಆದರೆ ಊದುಕುಲುಮೆಯಿಂದ ಮೊದಲು ಬರೋದು ಬೀಡು ಕಬ್ಬಿಣ. ಅದರಲ್ಲಿ ಇಂಗಾಲ ಜಾಸ್ತಿ, ಸುತ್ತಿಗೆ ಏಟು ಬಿದ್ದರೆ ಒಡೆದು ಹೋಗುತ್ತೆ. ಅದರಿಂದ ಚಾಕು ತಟ್ಟೋಕೆ ಯಾವ ಆಚಾರಿಯಿಂದಲೂ ಆಗಲ್ಲ! ಭದ್ರಾವತಿಯಲ್ಲಿ ಉಕ್ಕು ತಯಾರಾಗಿದ್ದು 1930ರ ದಶಕದಲ್ಲಿ. ಅಂದಮೇಲೆ ಅಜ್ಜನ ಅಜ್ಜ ಆ ಉಕ್ಕಿನ ಚಾಕು ಇಟ್ಟುಕೊಂಡಿದ್ದು ಹೇಗೆ ಸ್ವಾಮಿ?

ಹಾಗಾದರೆ ಅದಕ್ಕೂ ಮುಂಚಿನ ಚಾಕುಗಳದ್ದು ಯಾವ ಉಕ್ಕು? 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಬುಕಾನನ್, ಹಳ್ಳಿಯವರು ಪುಟ್ಟ ಕುಲುಮೆಗಳಲ್ಲಿ ಇದ್ದಿಲು ಹಾಕಿ ಕಬ್ಬಿಣ, ಉಕ್ಕು ತೆಗೆಯುತ್ತಿದ್ದುದನ್ನು ವಿವರವಾಗಿ ಬರೆದಿದ್ದಾನೆ. ಅವನ ಪುಸ್ತಕ 1807ರಲ್ಲಿ ಅಚ್ಚಾಯಿತು. ಆಮೇಲೆ ಹಡಗಿನಲ್ಲಿ ಬಂದ ಸೀಮೆ ಕಬ್ಬಿಣ. ಲಾರಿ ಬಂದಮೇಲಂತೂ ಸವೆದ ಸ್ಪ್ರಿಂಗ್ ಪ್ಲೇಟೇ ಕಮ್ಮಾರರ ಪಾಲಿನ ಕಾಮಧೇನು. ಕತ್ತಿಗೂ ಅದೇ, ಚಾಕುವಿಗೂ ಅದೇ. ಇದರಲ್ಲಿ ನಾಚಿಕೆ ಪಡೋಂಥದ್ದೇನಿದೆ? ಒಳ್ಳೇ ಉಕ್ಕು, ಹದ ಸರಿಯಾಗಿ ಕೊಟ್ಟರೆ ಅಲಗು ನಿಲ್ಲುತ್ತೆ. "ಲಾರಿ ಪ್ಲೇಟಿನ ಚಾಕು" ಅಂದರೆ ಯಾರೂ ಕಾಸು ಬಿಚ್ಚಲ್ಲ, ಅಷ್ಟೇ.

ರಾಂಪುರಿ ಕತೆಯೂ ಹಾಗೇ. ಉತ್ತರ ಪ್ರದೇಶದ ರಾಂಪುರದ್ದು ಗುಂಡಿ ಒತ್ತಿ ಬಿಚ್ಚೋ ಚಾಕು. ಸಿನಿಮಾ ಖಳರು ಅದನ್ನು ಊರೂರಿಗೆ ಮುಟ್ಟಿಸಿದರು. ಈಗ ಕಂಡ ಮಡಚು ಚಾಕುವೆಲ್ಲ ರಾಂಪುರಿ! ಸ್ಪೇನಿನ ಆಲ್ಬಸೇಟೆಯ ನವಾಹಾ ಕೂಡ ಇಂಥದ್ದೇ ದೊಡ್ಡ ಮಡಚು ಚಾಕು. ಆದರೆ ಆ ಊರಿನವರು ಚಾಕುಗಳಿಗೇ ಅಂತ ಒಂದು ಮ್ಯೂಸಿಯಂ ಮಾಡಿಕೊಂಡಿದ್ದಾರೆ. ಷೆಫೀಲ್ಡಿನ ಜೋಸೆಫ್ ರಾಜರ್ಸ್ ಕಂಪನಿಯ ನಕ್ಷತ್ರ ಮತ್ತು ಶಿಲುಬೆ ಮುದ್ರೆಯನ್ನಂತೂ ಕದ್ದು ಹಾಕಿಕೊಂಡವರು ಬಹಳ. ಹಾಗಾಗಿ ಮುದ್ರೆಯೊಂದನ್ನೇ ನಂಬೋ ಹಾಗಿಲ್ಲ.

ನಾನು ಮೊದಲು ನೋಡೋದು ಅಲಗು, ಹಿಡಿ ಸೇರೋ ಕಡೆಯ ರಿವೀಟನ್ನು. ಕೈಯಲ್ಲಿ ಬಡಿದು ಅಗಲಿಸಿದ್ದೋ, ಅಂಗಡಿಯ ಸ್ಕ್ರೂ ಹಾಕಿದ್ದೋ? ತೂತು ಸವೆದು ಅಂಡಾಕಾರ ಆಗಿದೆಯಾ? ಸಾಣೆ ಹಿಡಿದೂ ಹಿಡಿದೂ ಅಲಗು ಒಂದೇ ಕಡೆ ತೆಳ್ಳಗಾಗಿದೆಯಾ? ಇವೆಲ್ಲ ಮುದ್ರೆಗಿಂತ ಹೆಚ್ಚು ಮಾತಾಡುತ್ತವೆ. ಇಂಥದ್ದನ್ನು ತಂದ ದಿನವೇ ಉಪ್ಪುಕಾಗದ ಹಾಕಿ ಥಳಥಳ ಉಜ್ಜಿ ಫೋಟೋ ಹಾಕೋರನ್ನು ಕಂಡರೆ ಮೈಯೆಲ್ಲಾ ಉರಿಯುತ್ತೆ. ಇದ್ದ ಸಾಕ್ಷಿಯನ್ನೂ ತಿಕ್ಕಿ ತೆಗೆದ ಹಾಗೆ! (ಹಿಡಿ ಜಿಂಕೆ ಕೊಂಬಿನದಾಗಿದ್ದರೆ ಕೊಳ್ಳೋ ಮುಂಚೆ 1972ರ ವನ್ಯಜೀವಿ ಕಾಯ್ದೆ ನೆನಪಿರಲಿ.)

ಪುಣೆಯ ರಾಜಾ ದಿನಕರ ಕೇಳ್ಕರ್ ಮ್ಯೂಸಿಯಂನಲ್ಲಿ ಅಡಕತ್ತರಿಗಳದ್ದೇ ದೊಡ್ಡ ಸಂಗ್ರಹ ಇದೆ. ಅಡಿಕೆ ಬೆಳೆಯೋ ಸೀಮೆ ನಮ್ಮದು, ಅಡಕತ್ತರಿ ನೋಡೋಕೆ ಪುಣೆಗೆ ಹೋಗಬೇಕಾ? ಶಿವಪ್ಪನಾಯಕನ ಅರಮನೆಯ ಮ್ಯೂಸಿಯಂನಲ್ಲಿ ಶಿಲ್ಪ, ವೀರಗಲ್ಲುಗಳ ಪಕ್ಕ ಕಮ್ಮಾರರ ಸಾಮಾನಿಗೂ ಒಂದು ಕಪಾಟು ಕೊಟ್ಟರೆ ಏನು ಗಂಟು ಹೋಗುತ್ತೆ? ಅವು ಯಾರು ತಟ್ಟಿದ್ದು ಅನ್ನೋ ಚೀಟಿ ಮಾತ್ರ ಜೊತೆಗಿರಬೇಕು.

ಆ ಚೀಟಿ ಬರೆಯೋಕೆ ಬೇಕಾದ ಜನ ಈಗಲೇ ಕಡಿಮೆ ಆಗಿದ್ದಾರೆ. ಭದ್ರಾವತಿ ಕಾರ್ಖಾನೆಗೆ ನೂರು ತುಂಬಿದ 2023ರಲ್ಲೇ ಮುಚ್ಚೋ ತೀರ್ಮಾನ ಬಂತು, ಅದೇ ವರ್ಷ ಒಂದಷ್ಟು ಕೆಲಸ ಮತ್ತೆ ಶುರುವಾಯಿತು. ಅದಕ್ಕೆ ಹೋರಾಟ ಮಾಡೋರಾದರೂ ಇದ್ದರು. ಹಳ್ಳಿಯ ಕುಲುಮೆ ಆರಿದರೆ ಪೇಪರಿನಲ್ಲಿ ಒಂದು ಸಾಲೂ ಬರಲ್ಲ.

ನಿಮ್ಮನೆ ಅಟ್ಟದಲ್ಲಿ, ಎಲೆಡಿಕೆ ತಟ್ಟೆಯಲ್ಲಿ ಇಂಥದ್ದೇನಾದರೂ ಇದ್ದರೆ ಫೋಟೋಗೆ ಮುಂಚೆ ಮನೆಯ ಹಿರಿಯರನ್ನು ಕೇಳಿ: ಯಾವೂರ ಆಚಾರಿ ಮಾಡಿಕೊಟ್ಟಿದ್ದು? ದುಡ್ಡು ಕೊಟ್ಟಿದ್ದೋ, ಭತ್ತ ಅಳೆದಿದ್ದೋ? ಅವರ ಮಕ್ಕಳು ಈಗ ಎಲ್ಲಿದ್ದಾರೆ? ಬರೆದರೆ ನನಗೊಂದು ಕೊಂಡಿ ಕಳಿಸಿ, ಖಂಡಿತ ಓದ್ತೀನಿ.